ಅರಳಿಗೆ ಕಟ್ಟಿದ ಗೂಟಿ

ಅರಳಿ ಗಿಡಕ್ಕೆ ಚಾಕು ಹಾಕುತ್ತಾರೆ ಎಂಬ ಸುದ್ದಿ ವಿಮಲಮ್ಮನ ಕಿವಿಗೆ ಬಿದ್ದದ್ದು ಅವಳು ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಾಗ. ಕಡಲೆಬೀಜ ಸೀದುಹೋಯಿತು. ಅವಳು ಸೌಟು ಹಿಡಿದುಕೊಂಡೇ ಹಾಲ್‌ಗೆ ಬಂದಳು.

“ಮದುವೆ ಗೊತ್ತಾಗಿರೋ ಮನೇಲಿ ಅರಳಿ ಮರ ಕುಯ್ತಾರಾ ಯಾರಾದ್ರೂ? ಕೇಳಿದೋರು ಉಗೀತಾರೆ!”

“ಮರ ಎಲ್ಲಿಂದ ಬಂತಮ್ಮ, ಮೊಣಕಾಲುದ್ದದ ಗಿಡ,” ಎಂದಳು ಮಗಳು ಮಾನಸ. ಅವಳು ಕೆಲಸಕ್ಕೆ ಹೊರಡಲು ಕೂದಲು ಬಾಚಿಕೊಳ್ಳುತ್ತಿದ್ದಳು. “ಕುಯ್ಯಲ್ಲ, ಗೂಟಿ ಕಟ್ತೀವಿ. ಒಂದು ಕೊಂಬೇಲಿ ಸ್ವಲ್ಪ ಸಿಪ್ಪೆ ತೆಗೆದು, ಒದ್ದೆ ಪಾಚಿ ಸುತ್ತಿ, ಗಿಡದ ಮೇಲೇನೇ ಬೇರು ಬರಿಸೋದು. ಬೇರು ಬಂದ್ಮೇಲೆ ಕತ್ತರಿಸಿ ಬೇರೆ ಕುಂಡಕ್ಕೆ ಹಾಕಿದ್ರೆ ಎರಡನೇ ಗಿಡ. ಮದುವೆ ಆದ್ಮೇಲೆ ನಾನು ಕೆಂಗೇರಿಗೆ ತಗೊಂಡು ಹೋಗ್ತೀನಿ. ಲಕ್ಷ್ಮಿ ಅತ್ತೇನ ನಾನೇ ಕೇಳಿದ್ದು.”

“ಸಿಪ್ಪೆ ತೆಗೆಯೋದು, ಕತ್ತರಿಸೋದು. ಕುಯ್ಯೋದು ಅಂದ್ರೆ ಇನ್ನೇನೇ?”

“ಹಾಗಾದ್ರೆ ನೀನು ದಿನಾ ಆಲೂಗಡ್ಡೆ ಕೊಲೆ ಮಾಡ್ತಿದೀಯ ಬಿಡು.”

“ಚಿತ್ರಾನ್ನ ಬರುತ್ತಾ, ಇಲ್ಲ ನಾನು ಅಂಗಡಿ ಹತ್ರಾನೇ ಬನ್ನು ತಿನ್ಲಾ?” ಎಂದ ಮನೆಯ ಯಜಮಾನ ಕಾಂತರಾಜು, ಪೇಪರಿನಿಂದ ತಲೆ ಎತ್ತದೆ. ಮೈಸೂರು ರಸ್ತೆಯಲ್ಲಿ ಅವನದೊಂದು ನಟ್ಟು ಬೋಲ್ಟಿನ ಅಂಗಡಿ. ಮನೆಯಲ್ಲಿ ಜಗಳ ಶುರುವಾದ ಕೂಡಲೇ ಅವನಿಗೆ ಹಸಿವಾಗುತ್ತಿತ್ತು.

ಆ ಜಗಳದಲ್ಲಿ ಗಿಡ ಯಾರದೋ ಆಕೆಯನ್ನು ಮಾತ್ರ ಯಾರೂ ಕರೆಯಲಿಲ್ಲ. ಕಾಂತರಾಜುವಿನ ಅಕ್ಕ ಲಕ್ಷ್ಮಿದೇವಮ್ಮ ಬಚ್ಚಲಿನಲ್ಲಿ ಬಟ್ಟೆ ಹಿಂಡುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಅರವತ್ತೆರಡು. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ದೀಪಾಂಜಲಿ ನಗರದ ಈ ಮನೆಗೆ ವಾಪಸಾದವಳು. ಇಪ್ಪತ್ತೆಂಟು ವರ್ಷ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿದ ಶರ್ಟುಗಳ ಬಿಡಿ ದಾರ ಕತ್ತರಿಸುವ ಕೆಲಸ ಮಾಡಿ ನಿವೃತ್ತಳಾಗಿದ್ದಳು. ಈಗ ಮೆಟ್ಟಿಲ ಕೊನೆಯಲ್ಲಿ, ತಾರಸಿಗೆ ಹೊಂದಿಕೊಂಡ ಕೋಣೆ ಅವಳದು. ಊಟ ಎಲ್ಲರದೂ ಆದ ಮೇಲೆ. ಯಾರೂ ಹಾಗೆ ಮಾಡು ಎಂದಿರಲಿಲ್ಲ, ಬೇಡ ಎಂದೂ ಯಾರೂ ಹೇಳಿರಲಿಲ್ಲ.

ಆ ಮನೆಯಲ್ಲಿ ಅವಳೊಂದಿಗೆ ಕೂತು ಮಾತಾಡುತ್ತಿದ್ದವಳು ಮಾನಸ ಒಬ್ಬಳೇ. ವಿಜಯನಗರದ ಒಂದು ಲ್ಯಾಬಿನಲ್ಲಿ ಕೆಲಸ ಮುಗಿಸಿ ಬಂದವಳು ಎರಡು ಲೋಟ ಕಾಫಿ ಹಿಡಿದು ನೇರ ತಾರಸಿ ಹತ್ತುತ್ತಿದ್ದಳು. ಹಾಗಾಗಿ ಮಾನಸಳ ಮದುವೆ ಗೊತ್ತಾದಾಗ ಮನೆಯವರೆಲ್ಲ ಹೋಳಿಗೆ ತಿಂದರು, ಲಕ್ಷ್ಮಿದೇವಮ್ಮನೂ ತಿಂದಳು, ತಿಂದು ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಅರಳಿಯ ಕಥೆ ಹಳೆಯದು. ಇಪ್ಪತ್ತೆರಡು ವರ್ಷದ ಹಿಂದೆ ಅದು ತಾರಸಿಯ ಗೋಡೆಯ ಬಿರುಕಿನಲ್ಲಿ ಹುಟ್ಟಿತ್ತು. ಬಿಟ್ಟರೆ ಗೋಡೆ ಸೀಳುತ್ತದೆ, ಕಿತ್ತರೆ ದೋಷ. ಅರಳಿ ಕಿತ್ತವರಿಗೆ ಸಂತಾನ ನಿಲ್ಲುವುದಿಲ್ಲ ಎಂದು ಬೀದಿಯವರೆಲ್ಲ ಹೇಳಿದ್ದರು. ವಿಮಲಮ್ಮ ಆಗ ಎರಡನೇ ಮಗುವಿಗೆ ಹರಕೆ ಹೊತ್ತಿದ್ದಳು. “ನೀವು ಮುಟ್ಟಬೇಡಿ. ಅಕ್ಕಂಗೆ ಹೇಳಿ, ಅವರಿಗೆ ಇನ್ನೇನು ಆಗೋದಿದೆ?” ಎಂದು ಅವಳು ಗಂಡನಿಗೆ ಅಡುಗೆಮನೆಯಲ್ಲಿ ಹೇಳಿದ್ದು ಹೊರಗೆ ಅಕ್ಕಿ ಆರಿಸುತ್ತಿದ್ದ ಲಕ್ಷ್ಮಿದೇವಮ್ಮನಿಗೆ ಕೇಳಿಸಿತ್ತು. ಅವಳು ಎದ್ದು ಹೋಗಿ ಗಿಡವನ್ನು ಬೇರು ಹರಿಯದಂತೆ ಬಿಡಿಸಿ ತೆಗೆದಳು. ಎಸೆಯಲು ಮನಸ್ಸಾಗಲಿಲ್ಲ. ಸೋರುತ್ತಿದ್ದ ಬಾಣಲೆಯೊಂದರಲ್ಲಿ ಮಣ್ಣು ತುಂಬಿ ನೆಟ್ಟಳು. ಮಾಗಡಿ ರಸ್ತೆಯ ನರ್ಸರಿಯ ಸುಬ್ರಮಣಿ ಅದನ್ನು ಚಿಕ್ಕದಾಗಿಯೇ ಬೆಳೆಸುವ ಬಗೆ ಹೇಳಿಕೊಟ್ಟ. ಈಗ ಅದರ ಬುಡ ಮುಂಗೈ ದಪ್ಪವಿತ್ತು, ಎತ್ತರ ಮೊಣಕಾಲಿನಷ್ಟೇ.

ವಿಮಲಮ್ಮನಿಗೆ ಎರಡನೇ ಮಗು ಆಗಲೇ ಇಲ್ಲ.

ಆ ಭಾನುವಾರ ಬೆಳಿಗ್ಗೆ ಲಕ್ಷ್ಮಿದೇವಮ್ಮ ಮತ್ತು ಮಾನಸ ತಾರಸಿಯಲ್ಲಿ ಚಾಕು, ಪಾಚಿ, ಪ್ಲಾಸ್ಟಿಕ್ ಹಾಳೆ ಹರಡಿಕೊಂಡು ಕೂತಿದ್ದಾಗ ವಿಮಲಮ್ಮ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು.

“ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ, ಬೇಡ. ಅವತ್ತು ಕಿತ್ತಿದ್ದಕ್ಕೆ ನಂಗೆ ಎರಡನೇದು ಆಗ್ಲಿಲ್ಲ. ಈಗ ಇವಳ ಮೇಲೆ ಬರೋದು ಬೇಡ.”

ಲಕ್ಷ್ಮಿದೇವಮ್ಮ ಚಾಕು ಕೆಳಗಿಟ್ಟಳು. “ಕೀಳೋಕೆ ಹೇಳಿದ್ದು ಯಾರು ವಿಮಲ?”

“ನಾನೆಲ್ಲಿ ಹೇಳ್ದೆ ನಿಮಗೆ?”

“ನಂಗೆ ಹೇಳ್ಲಿಲ್ಲ. ಕಾಂತಂಗೆ ಹೇಳ್ದೆ. ಅವರಿಗೆ ಇನ್ನೇನು ಆಗೋದಿದೆ ಅಂತ.”

ಇಪ್ಪತ್ತೆರಡು ವರ್ಷ ಈ ಮಾತು ಒಂದೇ ಸೂರಿನ ಕೆಳಗೆ, ಒಂದೇ ಅಡುಗೆ ತಿಂದುಕೊಂಡು ಸುಮ್ಮನಿತ್ತು ಎಂಬುದು ವಿಮಲಮ್ಮನಿಗೆ ಗೊತ್ತೇ ಇರಲಿಲ್ಲ. ಮಾನಸ ಇಬ್ಬರ ಮುಖವನ್ನೂ ನೋಡಿದಳು.

“ಏನಮ್ಮ ಅದು?”

“ಏನಿಲ್ಲ,” ಎಂದರು ಇಬ್ಬರೂ.

ವಿಮಲಮ್ಮ ಕೆಳಗಿಳಿದು ಹೋದಳು. ಐದು ನಿಮಿಷಕ್ಕೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಮತ್ತೆ ಬಂದಳು. ಗಿಡಕ್ಕೆ ಕುಂಕುಮ ಇಟ್ಟು, ಕೆನ್ನೆ ಕೆನ್ನೆ ಬಡಿದುಕೊಂಡಳು. “ಈಗ ಮಾಡಿ. ನಾನು ನೋಡಲ್ಲ,” ಎಂದು ಬೆನ್ನು ತಿರುಗಿಸಿ ಅಲ್ಲೇ ನಿಂತಳು.

ಲಕ್ಷ್ಮಿದೇವಮ್ಮ ಬಲಗಡೆಯ ಹೆಬ್ಬೆರಳು ಗಾತ್ರದ ಕೊಂಬೆಯನ್ನು ಆರಿಸಿದ್ದಳು. ಅದರ ಸುತ್ತ ಚಾಕುವಿನಿಂದ ಎರಡು ಗೆರೆ ಎಳೆದು, ನಡುವಿನ ಒಂದಂಗುಲ ಸಿಪ್ಪೆಯನ್ನು ಬಳೆ ಕಳಚಿದ ಹಾಗೆ ಬಿಡಿಸಿದಳು. ಬಿಳಿ ಹಾಲು ಒಸರಿತು. ಒರೆಸಿದಳು, ಮತ್ತೆ ಒಸರಿತು.

“ನೋವಾಗುತ್ತಾ ಅತ್ತೆ ಅದಕ್ಕೆ?” ಎಂದಳು ಮಾನಸ.

“ಅದನ್ನೇ ಕೇಳು. ಹೇಳಿದ್ರೆ ನಂಗೂ ಹೇಳು.”

ಒಳಗಿನ ಹಸಿರು ಲೋಳೆಯನ್ನು ಪೂರ್ತಿ ಕೆರೆಯಬೇಕು, ಎಳೆಯಷ್ಟು ಉಳಿದರೂ ಗಾಯ ಕೂಡಿಕೊಂಡುಬಿಡುತ್ತದೆ, ಬೇರು ಬರುವುದಿಲ್ಲ ಎಂದು ಸುಬ್ರಮಣಿ ಹೇಳಿದ್ದ. ಅವಳು ಕೆರೆದಳು. ಬೇರು ಬರಿಸುವ ಪುಡಿ ಸವರಿ, ನೆನೆಸಿದ ಪಾಚಿ ಸುತ್ತಿ, ಪ್ಲಾಸ್ಟಿಕ್ ಬಿಗಿದು ಎರಡೂ ಕಡೆ ದಾರದಿಂದ ಕಟ್ಟಿದಳು. ಎಲ್ಲ ಮುಗಿದ ಮೇಲೆ ವಿಮಲಮ್ಮ ತಿರುಗಿ ನೋಡಿ, “ಇಷ್ಟೇನಾ?” ಎಂದಳು.

ಇಷ್ಟೇ ಅಲ್ಲ ಎಂಬುದು ಶನಿವಾರ ಗೊತ್ತಾಯಿತು. ವಿಮಲಮ್ಮ ಬೆಳಿಗ್ಗೆ ಆರಕ್ಕೇ ತಲೆಗೆ ಸ್ನಾನ ಮಾಡಿ ತಾರಸಿಗೆ ಬಂದು ಕುಂಡವನ್ನು ಗೋಡೆಯ ಪಕ್ಕದಿಂದ ನಡುಮಧ್ಯಕ್ಕೆ ಎಳೆಯತೊಡಗಿದಳು. ಗೋಡೆಗೆ ತಾಗಿದ ಅರಳಿಗೆ ಪ್ರದಕ್ಷಿಣೆ ಹಾಕುವುದು ಹೇಗೆ? ಲಕ್ಷ್ಮಿದೇವಮ್ಮ ಹೊರಗೆ ಬಂದು ಒಂದು ಕಡೆ ಕೈ ಕೊಟ್ಟಳು. ಇಬ್ಬರೂ ಕುಂಡ ಎಳೆದರು. ವಿಮಲಮ್ಮ ಒಂಬತ್ತು ಸುತ್ತು ಹಾಕಿದಳು. ಮತ್ತೆ ಇಬ್ಬರೂ ಎಳೆದು ಅದರ ಜಾಗಕ್ಕಿಟ್ಟರು. ಮೊಣಕಾಲೆತ್ತರದ ಮರಕ್ಕೆ ಅಷ್ಟು ದಪ್ಪದ ಹೆಂಗಸು ಭಕ್ತಿಯಿಂದ ಸುತ್ತು ಬರುವುದನ್ನು ಎದುರುಮನೆಯವರು ಕಿಟಕಿಯಿಂದ ನೋಡಿ ನಕ್ಕರು. ನಗಲಿ ಎಂದಳು ವಿಮಲಮ್ಮ. ಏಳು ಶನಿವಾರ ಇದು ನಡೆಯಿತು.

ಈ ಏಳು ವಾರದಲ್ಲಿ ಮಾನಸ ತಾರಸಿಗೆ ಬರುವುದು ಕಡಿಮೆಯಾಯಿತು. ಒಂದು ದಿನ ಬ್ಲೌಸಿನ ಅಳತೆ, ಒಂದು ದಿನ ಕಾರ್ಡಿನ ಆಯ್ಕೆ. ಬಂದರೂ ಕಿವಿಯಲ್ಲಿ ಫೋನು, ಆ ಕಡೆ ಮದುವೆ ಗಂಡು ಮಂಜುನಾಥ. ಕೆಂಗೇರಿ ಉಪನಗರದಲ್ಲಿ ಅವರ ಸ್ವಂತ ಮನೆ, ತಂದೆ ಇಲ್ಲ, ತಾಯಿ ಇದ್ದಾರೆ. ಕಾಫಿಯ ಎರಡನೇ ಲೋಟ ಕಟ್ಟೆಯ ಮೇಲೆ ಆರುತ್ತಿತ್ತು. ಲಕ್ಷ್ಮಿದೇವಮ್ಮ ಅದನ್ನೂ ತಾನೇ ಕುಡಿಯುತ್ತಿದ್ದಳು, ಹಾಲು ದಂಡವಾಗಬಾರದಲ್ಲ.

ಆದರೆ ಅವಳಿಗೊಂದು ಯೋಚನೆ ಇತ್ತು. ಗಿಡ ಕೆಂಗೇರಿಗೆ ಹೋಗುತ್ತದೆ. ಚಿಗುರು ಕತ್ತರಿಸದೆ ಬಿಟ್ಟರೆ ಅರಳಿ ಅರಳಿಯ ಹಾಗೇ ಬೆಳೆಯುತ್ತದೆ. ಮಾನಸಳಿಗೆ ಕತ್ತರಿಸಲು ಬರುವುದಿಲ್ಲ. ಯಾರು ಹೋಗಬೇಕು? ತಿಂಗಳ ಎರಡನೇ ಭಾನುವಾರ, ಮೆಟ್ರೋ ಹತ್ತಿದರೆ ಏಳನೇ ಸ್ಟೇಷನ್. ತಾಯಿಯಾದರೆ ಹಬ್ಬ, ಹೆರಿಗೆ ಎಂದು ನೆಪ ಇರುತ್ತದೆ. ಸೋದರತ್ತೆಗೆ ಏನಿದೆ? ಅವಳು ಹುಟ್ಟಿದಾಗಿನಿಂದ ಯಾರ ಮನೆಗೂ ಸುಮ್ಮನೆ ಹೋದವಳಲ್ಲ. ಉಪ್ಪಿನಕಾಯಿಗೆ ಮಾವು ಹೆಚ್ಚಲು, ಬಾಣಂತಿಗೆ ನೀರು ಹಾಕಲು, ಸತ್ತವರ ಮನೆಯಲ್ಲಿ ಪಾತ್ರೆ ತೊಳೆಯಲು ಹೋಗಿದ್ದಳು. ಕೆಲಸವಿಲ್ಲದೆ ಬಾಗಿಲು ತಟ್ಟುವುದು ಹೇಗೆ ಎಂದೇ ಅವಳಿಗೆ ತಿಳಿಯದು.

ಹೊಸ ಕುಂಡ ಕೊಳ್ಳಲು ಹೋದಾಗ ಅವಳು ಸುಬ್ರಮಣಿಯನ್ನು ಕೇಳಿದಳು.

“ಆ ಗಿಡ ತಿಂಗಳಿಗೊಂದು ಸಲ ಕತ್ತರಿಸ್ಬೇಕಲ್ವಾ?”

“ಅಷ್ಟೆಲ್ಲ ಬೇಡಮ್ಮ. ಎರಡು ಮೂರು ತಿಂಗಳಿಗೊಂದು ಸಲ ಸಾಕು.”

“ತಿಂಗಳಿಗೊಂದು ಸಲ ಮಾಡಿದ್ರೆ ತಪ್ಪಾ?”

“ತಪ್ಪೇನಿಲ್ಲ.”

“ಹಾಗಾದ್ರೆ ನಮ್ಮ ಹುಡುಗಿ ಬಂದಾಗ ತಿಂಗಳಿಗೊಂದು ಸಲ ಮಾಡ್ಲೇಬೇಕು ಅಂತ ಹೇಳಿ.”

ಸುಬ್ರಮಣಿ ಅವಳ ಮುಖ ನೋಡಿದ. “ಹೇಳ್ತೀನಿ ಬಿಡಿ,” ಎಂದ. ಮುಂದಿನ ವಾರ ಮಾನಸ ಗೊಬ್ಬರ ತರಲು ಹೋದಾಗ ಹೇಳಿಯೂ ಹೇಳಿದ. ಅನುಭವ ಇರೋರೇ ಕತ್ತರಿಸಬೇಕು ಎಂದು ತನ್ನದೂ ಒಂದು ಮಾತು ಸೇರಿಸಿದ.

ಆಷಾಢ ಮುಗಿಯುವ ಹೊತ್ತಿಗೆ ಪ್ಲಾಸ್ಟಿಕ್ಕಿನ ಒಳಗೆ ಬಿಳಿ ಬೇರುಗಳು ಕಾಣಿಸಿದವು. ಮೊದಲು ನೋಡಿದವಳು ವಿಮಲಮ್ಮ, ಪ್ರದಕ್ಷಿಣೆ ಹಾಕುವಾಗ. “ಅಕ್ಕ, ಬಂತು! ಬೇರು ಬಂತು!” ಎಂದು ಕೂಗಿದ ಸದ್ದಿಗೆ ಕಾಂತರಾಜು ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ಮೇಲೆ ಓಡಿ ಬಂದ, ಯಾರೋ ಬಿದ್ದರು ಎಂದುಕೊಂಡು. ಮದುವೆಗೆ ಹತ್ತು ದಿನ ಮುಂಚೆ ಲಕ್ಷ್ಮಿದೇವಮ್ಮ ಕೊಂಬೆಯನ್ನು ಬೇರಿನ ಕೆಳಗೆ ಗರಗಸದಿಂದ ಕತ್ತರಿಸಿ ಹೊಸ ಕುಂಡದಲ್ಲಿ ಕೂರಿಸಿದಳು. ಒಂದಡಿಯ, ಹಳೆಯ ಮರದಂತೆಯೇ ಬಾಗಿದ ಪುಟ್ಟ ಅರಳಿ. ಉಳಿದ ಗಿಡ ಒಂದು ಕಡೆ ಬೋಳಾಗಿ ಕಂಡಿತು.

“ಒಂದೂವರೆ ತಿಂಗಳು ಅದನ್ನ ಮುಟ್ಟಬೇಡ, ನೆರಳಲ್ಲಿಡು, ನೀರು ಹಾಕು ಸಾಕು. ದಸರಾ ಆದ್ಮೇಲೆ ನಾನು ಬರ್ತೀನಿ,” ಎಂದಳು ಮಾನಸಳಿಗೆ.

“ನೀನು ಬರ್ದೇ ಇನ್ಯಾರು ಬರ್ತಾರೆ ಅತ್ತೆ? ತಿಂಗಳು ತಿಂಗಳು ಬಾ. ನಂಗೂ ಮಾತಾಡೋಕೆ ಯಾರಾದ್ರೂ ಬೇಕಲ್ಲ.”

ಆ ಮಾತನ್ನು ಲಕ್ಷ್ಮಿದೇವಮ್ಮ ಎಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡಳೋ ಲೆಕ್ಕವಿಲ್ಲ. ಮದುವೆಯ ದಿನ, ಧಾರೆಯ ಹೊತ್ತಿಗೆ, ಅವಳು ಛತ್ರದ ಉಗ್ರಾಣದಲ್ಲಿ ಬೀಗದ ಕೈ ಹಿಡಿದು ಕೂತಿದ್ದಳು. ಯಾರಾದರೂ ಹೇಳುವ ಮುಂಚೆ ತಾನೇ ಕೇಳಿ ತೆಗೆದುಕೊಂಡ ಕೆಲಸ ಅದು. ಗಟ್ಟಿಮೇಳದ ಸದ್ದು ಅಲ್ಲಿಗೂ ಕೇಳಿಸಿತು. ಅವಳು ತೆಂಗಿನಕಾಯಿ ಮೂಟೆಯ ಮೇಲೆ ಕೂತೇ ಅಕ್ಷತೆ ಹಾಕಿದಳು. ಸಂಜೆ ಕಾರಿನಲ್ಲಿ ಪುಟ್ಟ ಅರಳಿ ಮಂಜುನಾಥನ ಗೆಳೆಯನೊಬ್ಬನ ತೊಡೆಯ ಮೇಲೆ ಕೂತು ಕೆಂಗೇರಿಗೆ ಹೋಯಿತು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಅಡುಗೆ ಮಿಗತೊಡಗಿತು. ಮೂರು ಜನಕ್ಕೆ ಅಳತೆ ವಿಮಲಮ್ಮನ ಕೈಗೆ ಹತ್ತಲಿಲ್ಲ. “ಮತ್ತೆ ಅದೇ ಸಾರಾ?” ಎಂದ ಕಾಂತರಾಜು ಒಂದು ರಾತ್ರಿ ಊಟಕ್ಕೆ ಕೂತು. “ಮಗಳನ್ನ ಕಳಿಸಿ ಸಾರು ಉಳಿಸ್ಕೊಂಡಿದೀನಿ, ತಿನ್ನಿ,” ಎಂದು ವಿಮಲಮ್ಮ ತಟ್ಟೆ ಕುಕ್ಕಿ ಎದ್ದುಹೋದಳು. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಕಾಂತರಾಜು ಕೆಂಗೇರಿಗೆ ಹೋಗಿ ಬಂದ.

“ಹೇಗಿದಾಳ್ರೀ?” ಎಂದಳು ವಿಮಲಮ್ಮ ಬಾಗಿಲಲ್ಲೇ.

“ಚೆನ್ನಾಗಿದಾಳೆ. ಕಾಫಿ ಕೊಟ್ರು. ದೊಡ್ಡ ಟಿವಿ ಇದೆ.”

“ಕಾಂತ, ಗಿಡ ಎಲ್ಲಿಟ್ಟಿದಾರೆ?” ಎಂದಳು ಲಕ್ಷ್ಮಿದೇವಮ್ಮ.

“ನೋಡ್ಲಿಲ್ಲ ಕಣಕ್ಕ. ಗಿಡ ನೋಡೋಕೆ ಹೋಗಿದ್ನಾ ನಾನು?”

“ನೀನೂ ಹೋಗಿ ಬಾರೇ ಒಂದ್ಸಲ,” ಎಂದು ಅವನು ಹೆಂಡತಿಗೆ ಹೇಳಿದ. “ಬೀಗರ ಮನೆಗೆ ಹೆಣ್ಣಿನ ತಾಯಿ ಕರೀದೇ ಹೋದ್ರೆ ಮರ್ಯಾದೆ ಇರುತ್ತಾ? ಕರೀಲಿ, ಹೋಗೋಣ,” ಎಂದಳು ಅವಳು. ಕೆಂಗೇರಿಯಿಂದ ಯಾರೂ ಕರೆಯಲಿಲ್ಲ. ಕರೆಯಬಾರದೆಂದೇನೂ ಅಲ್ಲ, ಹೊಳೆದಿರಲಿಕ್ಕಿಲ್ಲ.

ದಸರಾ ಕಳೆದ ಮೇಲಿನ ಎರಡನೇ ಭಾನುವಾರ ಲಕ್ಷ್ಮಿದೇವಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕತ್ತರಿ, ತಂತಿ, ಒಂದು ಪೊಟ್ಟಣ ಬೇವಿನ ಹಿಂಡಿ ಚೀಲಕ್ಕೆ ಹಾಕಿಕೊಂಡು ಹೊರಟಳು. “ಬಸ್ ಫ್ರೀ ಇರುವಾಗ ಮೆಟ್ರೋಗೆ ಯಾಕೆ ಕೊಡ್ತೀರಿ ದುಡ್ಡು?” ಎಂದಳು ವಿಮಲಮ್ಮ. ಬೇಗ ಹೋಗಬೇಕಿತ್ತು, ಅದಕ್ಕೆ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ.

ಕೆಂಗೇರಿಯ ಮನೆಯ ಬಾಗಿಲು ತೆರೆದವಳು ಮಾನಸಳೇ. “ಅತ್ತೆ!” ಎಂದು ಕೈ ಹಿಡಿದುಕೊಂಡಳು. ಹಿಂದಿನಿಂದ ಮಂಜುನಾಥನ ತಾಯಿ ಬಂದಾಗ ಕೈ ಬಿಟ್ಟು, “ಬನ್ನಿ, ಕೂತ್ಕೊಳ್ಳಿ. ನೀರು ತರ್ಲಾ ನಿಮಗೆ?” ಎಂದಳು. ಈ ಹುಡುಗಿ ಎಂದೂ ಅವಳನ್ನು ಬಹುವಚನದಲ್ಲಿ ಮಾತಾಡಿಸಿರಲಿಲ್ಲ. ಅತ್ತೆಮನೆಯಲ್ಲಿ ಹಾಗೇ ಇರಬೇಕು ಎಂದುಕೊಂಡರೂ ಲಕ್ಷ್ಮಿದೇವಮ್ಮನಿಗೆ ಕಸಿವಿಸಿಯಾಯಿತು.

ಊಟಕ್ಕೆ ಹಾಕಿದರು. ಅನ್ನ, ಹುರುಳಿಕಾಳಿನ ಸಾರು, ಹಪ್ಪಳ. ಬೀಗಿತ್ತಿ ಒಳ್ಳೆಯ ಹೆಂಗಸು, ಬಾಯಿ ತುಂಬಾ ಮಾತು. ಮಾನಸ ಬಡಿಸುತ್ತಾ ಓಡಾಡುತ್ತಿದ್ದಳು. “ನೀನೂ ಕೂತ್ಕೋ ಮಾನಸ,” ಎಂದಳು ಲಕ್ಷ್ಮಿದೇವಮ್ಮ. “ನಾನು ಆಮೇಲೆ ತಿಂತೀನಿ,” ಎಂದಳು ಅವಳು. ಲಕ್ಷ್ಮಿದೇವಮ್ಮನ ಕಣ್ಣು ಕಿಟಕಿಯ ಆಚೆ ಕುಂಡಗಳ ಸಾಲಿನ ಮೇಲಿತ್ತು. ತುಳಸಿ, ದಾಸವಾಳ, ದೊಡ್ಡಪತ್ರೆ. ಅರಳಿ ಇರಲಿಲ್ಲ.

“ಗಿಡ ಮೇಲಿದೆಯಾ?” ಎಂದಳು ಕೈ ತೊಳೆಯುತ್ತಾ.

ಮಾನಸ ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಬಿಚ್ಚಿ ಮತ್ತೆ ಸಿಕ್ಕಿಸಿದಳು. ಉತ್ತರ ಹೇಳಿದ್ದು ಬೀಗಿತ್ತಿ.

“ಅಯ್ಯೋ, ಹೇಳೋದೇ ಮರ್ತೆ! ಬನ್ನಿ ಅಮ್ಮ ತೋರಿಸ್ತೀನಿ. ಅರಳಿ ಅಂದ್ರೆ ದೇವರು, ಅದನ್ನ ಕುಂಡದಲ್ಲಿಟ್ಟು ಕತ್ತರಿಸ್ತಾ ಕೂತ್ರೆ ನಮಗೆ ಒಳ್ಳೇದಾಗುತ್ತಾ? ಹೊಸದಾಗಿ ಮದುವೆ ಆಗಿರೋ ಮನೆ ಬೇರೆ. ಪೂಜಾರಿ ಹತ್ರ ಕೇಳಿ, ನಮ್ಮ ಬೀದಿ ಗಣಪತಿ ದೇವಸ್ಥಾನದ ಹಿಂದೆ ನೆಡ್ಸಿಬಿಟ್ಟೆ. ಮಾನಸ ಮಂಜು ಕೈಯಲ್ಲೇ ನೆಡ್ಸಿದ್ದು. ಪಕ್ಕದಲ್ಲೇ ಒಂದು ಬೇವಿನ ಸಸೀನೂ ಇಟ್ಟಿದೀವಿ. ದೊಡ್ಡದಾದ್ಮೇಲೆ ಎರಡಕ್ಕೂ ಮದುವೆ ಮಾಡಿಸ್ತೀನಿ!”

ದೇವಸ್ಥಾನ ನಾಲ್ಕು ಹೆಜ್ಜೆ. ಹಿಂಭಾಗದಲ್ಲಿ ಇಟ್ಟಿಗೆಯ ಸಣ್ಣ ಕಟ್ಟೆ ಕಟ್ಟಿ, ಸುತ್ತ ಮುಳ್ಳುಬೇಲಿ ಹಾಕಿ, ನಡುವೆ ಅರಳಿಯನ್ನು ನೆಟ್ಟಿದ್ದರು. ಬುಡಕ್ಕೆ ಅರಿಶಿನದ ದಾರ. ನೆಲ ಸಿಕ್ಕ ಒಂದೇ ತಿಂಗಳಲ್ಲಿ ಅದು ಗೇಣುದ್ದದ ನಾಲ್ಕು ಚಿಗುರು ಬಿಟ್ಟಿತ್ತು. ಎಲೆಗಳು ಅಂಗೈಯಗಲ. ಇಪ್ಪತ್ತೆರಡು ವರ್ಷ ಬಾಣಲೆಯಲ್ಲಿ, ಕುಂಡದಲ್ಲಿ ಅಷ್ಟು ದೊಡ್ಡ ಎಲೆ ಬಿಡಲು ಅವಳು ಬಿಟ್ಟಿರಲಿಲ್ಲ.

“ಚೆನ್ನಾಗಿ ಬಂದಿದೆ,” ಎಂದಳು ಲಕ್ಷ್ಮಿದೇವಮ್ಮ. ಅದು ನಿಜ.

“ಅಲ್ವಾ? ಇನ್ನು ನಿಮಗೂ ತೊಂದ್ರೆ ಇಲ್ಲ. ಈ ವಯಸ್ಸಲ್ಲಿ ತಿಂಗಳು ತಿಂಗಳು ಅಷ್ಟು ದೂರದಿಂದ ಬರೋ ಕಷ್ಟ ತಪ್ತು ನೋಡಿ,” ಎಂದಳು ಬೀಗಿತ್ತಿ. ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

“ಹೌದು. ತಪ್ತು.”

ಬೀಗಿತ್ತಿ ಪೂಜಾರಿಯೊಂದಿಗೆ ಮಾತಿಗೆ ನಿಂತಾಗ ಮಾನಸ ಹತ್ತಿರ ಬಂದಳು. “ಅತ್ತೆ, ಬೇಜಾರಾ? ನಾನು ಬೇಡ ಅಂದೆ. ಪೂರ್ತಿ ಬೇಡ ಅನ್ನೋಕಾಗ್ಲಿಲ್ಲ.”

“ದೇವರ ಕೆಲಸ ಬಿಡು. ಬೇಜಾರೇನು ಬಂತು?”

“ಮುಂದಿನ ತಿಂಗಳು ಬಾ.”

“ಯಾಕೆ?” ಎಂದಳು ಲಕ್ಷ್ಮಿದೇವಮ್ಮ. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಮಾನಸ ಉತ್ತರ ಹೇಳುವಷ್ಟರಲ್ಲಿ, “ಮಾನಸ, ಹಾಲು ಒಲೆ ಮೇಲಿದೆಯೇನಮ್ಮ?” ಎಂದು ಆ ಕಡೆಯಿಂದ ಕೇಳಿತು. ಅವಳು ಓಡಿದಳು.

ದೀಪಾಂಜಲಿ ನಗರಕ್ಕೆ ಬಂದಾಗ ಗಂಟೆ ನಾಲ್ಕು. ವಿಮಲಮ್ಮ ಹುಣಿಸೆಹಣ್ಣು ಬಿಡಿಸುತ್ತಾ ಬಾಗಿಲಲ್ಲೇ ಕೂತಿದ್ದಳು.

“ಹೇಗಿದಾಳೆ?”

“ಚೆನ್ನಾಗಿದೆ,” ಎಂದಳು ಲಕ್ಷ್ಮಿದೇವಮ್ಮ. “ನಾಲ್ಕು ಹೊಸ ಚಿಗುರು ಬಂದಿದೆ. ಎಲೆ ಸ್ವಲ್ಪ ದೊಡ್ಡದಾಗಿದೆ, ಕತ್ತರಿಸಿ ಬಂದೆ. ಮುಂದಿನ ತಿಂಗಳು ಮತ್ತೆ ಹೋಗ್ಬೇಕು.”

ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ವಿಮಲಮ್ಮ ಅವಳನ್ನು ಒಂದು ಗಳಿಗೆ ನೋಡಿ ಮತ್ತೆ ಹುಣಿಸೆಬೀಜ ತೆಗೆಯತೊಡಗಿದಳು.

ದೀಪಾವಳಿಗೆ ಮಗಳು ಅಳಿಯ ಬಂದರು, ಒಂದು ಮಧ್ಯಾಹ್ನ ಇದ್ದು ಹೋದರು. ಲಕ್ಷ್ಮಿದೇವಮ್ಮನಿ‌ಗೆ ಆ ಮಧ್ಯಾಹ್ನವಿಡೀ ಜೀವ ಕೈಯಲ್ಲಿತ್ತು. ಯಾರಾದರೂ ಗಿಡದ ಮಾತು ತೆಗೆದರೆ ಅವಳ ಸುಳ್ಳು ಬಯಲು. ಯಾರೂ ತೆಗೆಯಲಿಲ್ಲ. ಮಂಜುನಾಥ ಮಾನಸಳ ಪಕ್ಕದಿಂದ ಕದಲಲಿಲ್ಲ, ಕಾಂತರಾಜು ಅಳಿಯನ ಪಕ್ಕದಿಂದ ಕದಲಲಿಲ್ಲ. ಒಬ್ಬಟ್ಟು ತಟ್ಟುತ್ತಿದ್ದ ವಿಮಲಮ್ಮ ಎರಡು ಸಲ “ಮಾನಸ, ಸ್ವಲ್ಪ ಒಳಗೆ ಬಾ” ಎಂದು ಕರೆದಳು. ಎರಡು ಸಲವೂ ಅಳಿಯ ಜೊತೆಗೇ ಎದ್ದು ಬಂದ, ಏನಾದರೂ ಸಹಾಯ ಬೇಕೇ ಎಂದು. ಅವರ ಕಾರು ಬೀದಿ ದಾಟಿದ ಮೇಲೂ ಇಬ್ಬರು ಹೆಂಗಸರು ಗೇಟಿನಲ್ಲಿ ನಿಂತಿದ್ದರು.

ಮತ್ತೆ ಎರಡನೇ ಭಾನುವಾರ ಬಂತು. ಲಕ್ಷ್ಮಿದೇವಮ್ಮ ಚೀಲ ಹೆಗಲಿಗೆ ಹಾಕಿ ಕೆಳಗಿಳಿದಳು. ಮಾನಸಳ ಮನೆಗೆ ಹೋಗುವ ಯೋಚನೆ ಅವಳಿಗಿರಲಿಲ್ಲ. ಏನಂತ ಹೋಗುವುದು? ದೇವಸ್ಥಾನದ ಹಿಂದೆ ಎರಡು ಗಂಟೆ ಕೂತಿದ್ದು, ಆ ಬೀದಿಯ ಗಾಳಿ ಕುಡಿದು ವಾಪಸು ಬಂದರಾಯಿತು. ಮಾನಸ ಹೂವು ಕೊಳ್ಳಲು ಬಂದರೆ ಕಾಣಿಸಿಯಾಳು. ಬರದಿದ್ದರೆ ಇಲ್ಲ.

“ಗಿಡ ಕತ್ತರಿಸಿ ಬರ್ತೀನಿ ವಿಮಲ.”

ವಿಮಲಮ್ಮ ಅಡುಗೆಮನೆಯಿಂದ ಎರಡು ಡಬ್ಬಿ ತಂದು ಮೇಜಿನ ಮೇಲಿಟ್ಟಳು. “ಒಂದ್ರಲ್ಲಿ ಚಟ್ನಿಪುಡಿ, ಇನ್ನೊಂದ್ರಲ್ಲಿ ನಿಪ್ಪಟ್ಟು. ಮಾನಸಂಗೆ ಕೊಡಿ. ಖಾಲಿ ಡಬ್ಬಿ ಅಲ್ಲೇ ಇರ್ಲಿ, ಮುಂದಿನ ತಿಂಗಳು ಹೋದಾಗ ತರೋರಂತೆ.”

“ನಾನು ಮನೆಗೆ... ಹೊತ್ತಾಗುತ್ತೇನೋ.”

“ಗಿಡ ದೇವಸ್ಥಾನದ ಹಿಂದೆ ಇದೆ ಅಂತ ನಂಗೆ ಗೊತ್ತು ಅಕ್ಕ.”

ಲಕ್ಷ್ಮಿದೇವಮ್ಮ ಚೀಲವನ್ನು ಕುರ್ಚಿಯ ಮೇಲಿಟ್ಟಳು. “ಯಾವಾಗಿಂದ?”

“ದಸರಾಕ್ಕೆ ಮುಂಚೇನೇ ಮಾನಸ ಫೋನಲ್ಲಿ ಹೇಳಿದ್ಲು. ಅತ್ತೆಗೆ ಹೇಗೆ ಹೇಳೋದು ಅಂತ ಅತ್ಲು.”

“ಗೊತ್ತಿದ್ದೂ ನನ್ನ ಕಳಿಸ್ದೆ. ನಾನು ಬಂದು ಸುಳ್ಳು ಹೇಳಿದ್ರೂ ಕೇಳ್ಕೊಂಡು ಕೂತಿದ್ದೆ.”

“ಹೇಳಿದ್ರೆ ನೀವು ಹೋಗ್ತಿದ್ರಾ? ಬಾಗಿಲು ಹಾಕ್ಕೊಂಡು ಮೇಲೆ ಕೂರ್ತಿದ್ರಿ. ಮತ್ತೆ ನನ್ನ ಮಗಳನ್ನ ಹೋಗಿ ನೋಡೋರು ಯಾರು?” ವಿಮಲಮ್ಮನ ದನಿ ಏರಿತು. “ನಾನು ಹೋದ್ರೆ ಮಾತಾಗುತ್ತೆ. ಇವರು ಹೋದ್ರೆ ಟಿವಿ ನೋಡ್ಕೊಂಡು ಬರ್ತಾರೆ. ಹಬ್ಬಕ್ಕೆ ಬಂದಾಗ ಆ ಹುಡುಗನ ಎದುರಿಗೆ ‘ಊಟ ಸೇರ್ತಾ ಇದ್ಯೇನೇ’ ಅಂತ ಕೇಳೋಕೂ ಆಗ್ಲಿಲ್ಲ. ನೀವೊಬ್ಬರು ಹೋಗಿ ಬಂದ್ರಿ. ಹೇಗಿದಾಳೆ ಅಂದ್ರೆ ನಾಲ್ಕು ಚಿಗುರು ಬಂದಿದೆ ಅಂದ್ರಿ. ನಾನು ಚಿಗುರು ಕೇಳಿದ್ನಾ ಅಕ್ಕ?”

ಲಕ್ಷ್ಮಿದೇವಮ್ಮ ಕೆಂಗೇರಿಯ ಆ ದಿನವನ್ನು ನೆನಪಿಸಿಕೊಳ್ಳಲು ನೋಡಿದಳು. ಅವತ್ತು ಮಾನಸ ಉಟ್ಟಿದ್ದ ಸೀರೆ ಯಾವುದು? ನೆನಪಾಗಲಿಲ್ಲ. ಮುಖ ಇಳಿದಿತ್ತೇ? ನೋಡಿರಲಿಲ್ಲ. ಬಡಿಸಿದ ಕೈ ನೆನಪಿತ್ತು, ಆಮೇಲೆ ತಿಂತೀನಿ ಎಂದ ಮಾತು ನೆನಪಿತ್ತು. ತಿಂದಳೇ ಇಲ್ಲವೇ ಗೊತ್ತಿರಲಿಲ್ಲ. ತಾನು ಇಲ್ಲಿ ನಲವತ್ತು ವರ್ಷ ಹೇಳಿದ ಮಾತೇ ಅದು, ಆದರೂ ತನಗದು ಕೇಳಿಸಿರಲಿಲ್ಲ. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

“ನೋಡ್ಲಿಲ್ಲ ವಿಮಲ,” ಎಂದಳು. “ಅವಳ ಮುಖ ನಾನು ಸರಿಯಾಗಿ ನೋಡ್ಲೇ ಇಲ್ಲ.”

ವಿಮಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಡಬ್ಬಿಗಳನ್ನು ತಾನೇ ಚೀಲದೊಳಗೆ ತುರುಕಿದಳು. ಜಾಗ ಸಾಲದೆ ಕತ್ತರಿ, ತಂತಿ ತೆಗೆದು ಮೇಜಿನ ಮೇಲಿಟ್ಟಳು.

“ಅಡುಗೆಮನೆಗೇ ಹೋಗಿ. ಅವಳೊಬ್ಬಳೇ ಇದ್ದಾಗ ಕೈ ಮುಟ್ಟಿ ನೋಡಿ. ತೆಳ್ಳಗಾಗಿದಾಳೋ ಇಲ್ವೋ ಬಂದು ಹೇಳಿ. ಗಿಡದ ಸುದ್ದಿ ನಂಗೆ ಬೇಡ.”

“ಆಯ್ತು. ನಾಲ್ಕು ಗಂಟೆಗೆಲ್ಲ ಬಂದ್ಬಿಡ್ತೀನಿ.”

“ಬರಬೇಡಿ,” ಎಂದಳು ವಿಮಲಮ್ಮ. “ಅವಳು ಉಣ್ಣೋದು ಎಲ್ಲರದೂ ಆದ್ಮೇಲಂತೆ, ರಾತ್ರಿ ಒಂಬತ್ತಾಗುತ್ತಂತೆ. ಪಕ್ಕದಲ್ಲಿ ಕೂತು, ಅವಳ ಜೊತೆ ಉಂಡು ಬನ್ನಿ.”